ಗಾಳಿಗೆ ಮಣಿದ ರೆಕ್ಕೆ

ಜಾತ್ರೆಯಲ್ಲಿ ಕೊಂಡ ಕಾಗದದ ಗಿರಗಿಟ್ಲೆಯನ್ನು ಹಿಡಿದು ಓಡುವ ಮಗುವನ್ನು ಕಾಣದವರು ಯಾರು? ಮಗು ನಿಂತರೆ ಗಿರಗಿಟ್ಲೆಯೂ ನಿಲ್ಲುತ್ತದೆ; ಮಗು ಓಡತೊಡಗಿದರೆ ಅದೂ ತಿರುಗತೊಡಗುತ್ತದೆ. ಓಟ ಹೆಚ್ಚಿದಂತೆಲ್ಲ ಅದರ ಬಣ್ಣದ ದಳಗಳು ಒಂದರೊಳಗೊಂದು ಬೆರೆತು, ಕೊನೆಗೆ ಹೊಳೆಯುವ ಬಿಲ್ಲೆಯೊಂದು ಮಾತ್ರ ಕಣ್ಣಿಗೆ ಕಾಣುತ್ತದೆ. ಅದನ್ನು ತಿರುಗಿಸಲು ಕೀಲಿಯಿಲ್ಲ, ಯಂತ್ರವಿಲ್ಲ. ಮಗು ಮುಂದಕ್ಕೆ ಓಡುತ್ತದೆ. ಗಾಳಿ ಎದುರಿನಿಂದ ಬಂದು ದಳಗಳನ್ನು ತಿರುಗಿಸುತ್ತದೆ, ಅಷ್ಟೆ. ಆ ಗಿರಗಿಟ್ಲೆಯೇ ಬೆಳೆದು ದೊಡ್ಡದಾಗಿ, ಓಡುವ ಮಗುವನ್ನು ಎತ್ತಿಕೊಂಡು ಆಕಾಶಕ್ಕೇರಿದರೆ ಹೇಗಿದ್ದೀತು? ಇದು ಬರಿಯ ಕಲ್ಪನೆಯಲ್ಲ. ಅಂತಹ ವಾಹನವೊಂದು ಕಳೆದ ನೂರು ವರ್ಷಗಳಿಂದ ಆಕಾಶದಲ್ಲಿ ಹಾರುತ್ತಲೇ ಇದೆ. ಅದರ ಹೆಸರು ಜೈರೊಕಾಪ್ಟರ್.

ನೋಟಕ್ಕೆ ಇದು ಬಹು ಸರಳವಾದ ವಾಹನ. ಮೂರು ಗಾಲಿಗಳ ಮೇಲೊಂದು ಪೀಠ, ಪೀಠದ ಹಿಂದೆ ಎಂಜಿನ್, ಎಂಜಿನ್ನಿನ ಬೆನ್ನಿಗೆ ಪ್ರೊಪೆಲ್ಲರ್, ಅದರ ಹಿಂದೆ ಚುಕ್ಕಾಣಿಯುಳ್ಳ ಬಾಲ. ಚಾಲಕನ ತಲೆಯ ಮೇಲೆ, ಒಂದು ಕಂಬದ ತುದಿಯಲ್ಲಿ, ನೀಳವಾದ ಎರಡು ಅಲಗುಗಳು. ಈ ಅಲಗುಗಳ ಜೋಡಿಗೆ ರೋಟರ್ ಎಂದು ಹೆಸರು. ದೂರದಿಂದ ನೋಡಿದವರು ಇದನ್ನು ಹೆಲಿಕಾಪ್ಟರ್ ಎಂದು ಭ್ರಮಿಸುವುದು ಸಹಜ. ಆದರೆ ಇವೆರಡರ ನಡುವಣ ಅಂತರ ವಿದ್ಯುತ್ ಪಂಕಕ್ಕೂ ಗಿರಗಿಟ್ಲೆಗೂ ನಡುವೆ ಇರುವಂತಹುದು. ಪಂಕವು ತಾನು ತಿರುಗಿ ಗಾಳಿಯನ್ನು ಬೀಸುತ್ತದೆ. ಗಿರಗಿಟ್ಲೆಯನ್ನು ಗಾಳಿಯೇ ಬೀಸಿ ತಿರುಗಿಸುತ್ತದೆ. ಹೆಲಿಕಾಪ್ಟರಿನಲ್ಲಿ ಎಂಜಿನ್ ರೋಟರನ್ನು ತಿರುಗಿಸುತ್ತದೆ. ರೋಟರ್ ಗಾಳಿಯನ್ನು ಕೆಳಕ್ಕೆ ತಳ್ಳಿ ವಾಹನವನ್ನು ಮೇಲೆತ್ತುತ್ತದೆ. ಜೈರೊಕಾಪ್ಟರಿನಲ್ಲಾದರೋ, ಹಾರುತ್ತಿರುವಾಗ ಎಂಜಿನ್ನಿಗೂ ರೋಟರಿಗೂ ಯಾವ ಸಂಬಂಧವೂ ಇರುವುದಿಲ್ಲ. ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸಿ ವಾಹನವನ್ನು ಮುಂದಕ್ಕೆ ನೂಕುತ್ತದೆ. ತುಸು ಹಿಂದಕ್ಕೆ ವಾಲಿಕೊಂಡಿರುವ ರೋಟರಿನ ಅಡಿಯಿಂದ ಎದುರುಗಾಳಿ ನುಗ್ಗಿ ಮೇಲಕ್ಕೆ ಹಾಯುತ್ತದೆ. ಆ ಗಾಳಿಯೇ ಅಲಗುಗಳನ್ನು ತಿರುಗಿಸುತ್ತದೆ. ತಿರುಗುವ ಅಲಗುಗಳು ರೆಕ್ಕೆಗಳಾಗಿ ವಾಹನವನ್ನು ಎತ್ತಿ ಹಿಡಿಯುತ್ತವೆ.

ಈ ಕಾರಣದಿಂದ ಜೈರೊಕಾಪ್ಟರಿಗೆ ಕೆಲವು ಮಿತಿಗಳುಂಟು. ಹೆಲಿಕಾಪ್ಟರಿನಂತೆ ಅದು ಆಕಾಶದ ಒಂದೆಡೆ ತೂಗುಹಾಕಿದ ಹಾಗೆ ನಿಂತಿರಲಾರದು. ನೆಲ ಬಿಡುವ ಮುನ್ನ ಅದಕ್ಕೆ ಸ್ವಲ್ಪ ದೂರ ಓಟ ಬೇಕು. ದೊಡ್ಡ ವಿಮಾನದ ವೇಗವಾಗಲಿ, ಭಾರ ಹೊರುವ ಶಕ್ತಿಯಾಗಲಿ ಅದಕ್ಕಿಲ್ಲ. ಒಬ್ಬರು, ಹೆಚ್ಚೆಂದರೆ ಇಬ್ಬರು ಕುಳಿತು ಹೋಗಬಹುದಾದ ಪುಟ್ಟ ವಾಹನವಿದು. ಆದರೂ ಒಮ್ಮೆ ಇದರಲ್ಲಿ ಹಾರಿದವರು ಇದನ್ನು ಬಿಡಲೊಲ್ಲರು. ಆ ಆಕರ್ಷಣೆಯ ಮೂಲವನ್ನು ತಿಳಿಯಬೇಕಾದರೆ ಇದರ ಹುಟ್ಟಿನ ಕಥೆಯನ್ನು ಮೊದಲು ತಿಳಿಯಬೇಕು. ಸಂತೋಷದ ಈ ವಾಹನ ಹುಟ್ಟಿದ್ದು ಒಂದು ಅಪಘಾತದಿಂದ.

ಸ್ಪೇನ್ ದೇಶದ ಮುರ್ಸಿಯಾ ನಗರದಲ್ಲಿ 1895ರಲ್ಲಿ ಹುವಾನ್ ಡಿ ಲಾ ಸಿಯೆರ್ವಾ ಎಂಬ ಬಾಲಕ ಜನಿಸಿದ. ರೈಟ್ ಸಹೋದರರ ವಿಮಾನದ ಸುದ್ದಿ ಯೂರೋಪನ್ನೆಲ್ಲ ಬೆರಗುಗೊಳಿಸಿದ್ದ ಕಾಲದಲ್ಲಿ ಬೆಳೆದ ಆ ಹುಡುಗನಿಗೆ ಹಾರಾಟವೇ ಹುಚ್ಚಾಯಿತು. ಗೆಳೆಯರೊಡನೆ ಸೇರಿ ಮೊದಲು ತೇಲುವಿಮಾನಗಳನ್ನು ಕಟ್ಟಿದ. 1912ರಲ್ಲಿ ಎಂಜಿನ್ನುಳ್ಳ ವಿಮಾನವೊಂದನ್ನೇ ಕಟ್ಟಿ ಹಾರಿಸಿದ ತಂಡದಲ್ಲಿ ಅವನಿದ್ದ. ಮುಂದೆ ಮ್ಯಾಡ್ರಿಡ್ ನಗರದಲ್ಲಿ ಸಿವಿಲ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರೂ ಸಿಯೆರ್ವಾ ಅವರ ಮನಸ್ಸು ಆಕಾಶದಿಂದ ಇಳಿಯಲಿಲ್ಲ. 1919ರಲ್ಲಿ ಅವರು ಮೂರು ಎಂಜಿನ್‌ಗಳ ದೊಡ್ಡ ವಿಮಾನವೊಂದನ್ನು ರೂಪಿಸಿದರು. ಪರೀಕ್ಷೆಯ ಹಾರಾಟದಲ್ಲಿ, ನೆಲಕ್ಕೆ ಸಮೀಪದಲ್ಲಿ ತಿರುಗುತ್ತಿದ್ದಾಗ, ಆ ವಿಮಾನದ ವೇಗ ತಗ್ಗಿತು. ವೇಗ ತಗ್ಗಿದೊಡನೆ ರೆಕ್ಕೆಗಳು ಎತ್ತುವ ಶಕ್ತಿಯನ್ನು ಕಳೆದುಕೊಂಡವು. ವಿಮಾನ ನೆಲಕ್ಕೆ ಅಪ್ಪಳಿಸಿತು. ಚಾಲಕನ ಜೀವ ಉಳಿಯಿತು, ವಿಮಾನ ಉಳಿಯಲಿಲ್ಲ.

ಆ ಕಾಲದ ಬಹುಮಂದಿ ಇದನ್ನು ಚಾಲಕನ ತಪ್ಪೆಂದು ಹೇಳಿ ಸುಮ್ಮನಾಗುತ್ತಿದ್ದರು. ಸಿಯೆರ್ವಾ ಸುಮ್ಮನಾಗಲಿಲ್ಲ. ವಿಮಾನದ ರೆಕ್ಕೆಗೆ ಬಲ ಬರುವುದು ಅದು ಗಾಳಿಯಲ್ಲಿ ಮುನ್ನುಗ್ಗುತ್ತಿರುವ ತನಕ ಮಾತ್ರ. ರೆಕ್ಕೆ ವಿಮಾನದ ಒಡಲಿಗೆ ಅಂಟಿಕೊಂಡಿರುವುದರಿಂದ ವಿಮಾನದ ವೇಗ ತಗ್ಗಿದರೆ ರೆಕ್ಕೆಯ ವೇಗವೂ ತಗ್ಗುತ್ತದೆ. ಹಾಗಾದರೆ, ವಿಮಾನ ನಿಧಾನವಾದಾಗಲೂ ರೆಕ್ಕೆ ಮಾತ್ರ ತನ್ನ ವೇಗವನ್ನು ಉಳಿಸಿಕೊಂಡಿರುವಂತೆ ಮಾಡಲಾಗದೆ? ರೆಕ್ಕೆಯೇ ತಿರುಗುವಂತಿದ್ದರೆ? ಈ ಪ್ರಶ್ನೆಯೇ ಹೊಸ ವಾಹನದ ಬೀಜವಾಯಿತು. ಸಿಯೆರ್ವಾ ಅದಕ್ಕೆ ಆಟೊಜೈರೊ ಎಂದು ಹೆಸರಿಟ್ಟರು.

ಪ್ರಶ್ನೆ ಹುಟ್ಟಿದಷ್ಟು ಸುಲಭವಾಗಿ ಉತ್ತರ ದೊರೆಯಲಿಲ್ಲ. ಅವರ ಮೊದಲ ಮೂರು ಆಟೊಜೈರೊಗಳು ಸಫಲವಾಗಲಿಲ್ಲ. ನೆಲದ ಮೇಲೆ ಓಡಿ ಇನ್ನೇನು ಮೇಲೇಳಬೇಕೆನ್ನುವಾಗ ಯಂತ್ರ ಒಂದು ಪಕ್ಕಕ್ಕೆ ವಾಲಿ ಬೀಳುತ್ತಿತ್ತು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ವಾಹನ ಮುಂದೆ ಸಾಗುವಾಗ ರೋಟರಿನ ಒಂದು ಅಲಗು ಎದುರುಗಾಳಿಯತ್ತ ನುಗ್ಗುತ್ತಿರುತ್ತದೆ. ಇನ್ನೊಂದು ಗಾಳಿಯೊಡನೆ ಹಿಂದಕ್ಕೆ ಸರಿಯುತ್ತಿರುತ್ತದೆ. ಗಾಳಿಗೆ ಎದುರಾದ ಅಲಗಿಗೆ ಹೆಚ್ಚು ಬಲ, ಗಾಳಿಯೊಡನೆ ಸರಿಯುವ ಅಲಗಿಗೆ ಕಡಿಮೆ ಬಲ. ಒಂದು ಪಕ್ಕ ಎತ್ತಿ, ಮತ್ತೊಂದು ಪಕ್ಕ ಕುಸಿದು, ವಾಹನ ಮಗುಚುತ್ತಿತ್ತು. ಆಶ್ಚರ್ಯವೆಂದರೆ, ಅವರೇ ಮಾಡಿದ ಚಿಕ್ಕ ಮಾದರಿಯೊಂದು ಮಾತ್ರ ಚೆನ್ನಾಗಿ ಹಾರುತ್ತಿತ್ತು. ದೊಡ್ಡದು ಬೀಳುವುದೇಕೆ, ಚಿಕ್ಕದು ಹಾರುವುದೇಕೆ? ಬಹುಕಾಲ ಚಿಂತಿಸಿದ ಮೇಲೆ ಮರ್ಮ ಹೊಳೆಯಿತು. ದೊಡ್ಡ ಯಂತ್ರದ ಅಲಗುಗಳನ್ನು ಅಲುಗದಂತೆ ಬಿಗಿಯಾಗಿ ಕಟ್ಟಲಾಗಿತ್ತು. ಚಿಕ್ಕ ಮಾದರಿಯ ಅಲಗುಗಳ ಬೆನ್ನೆಲುಬು ಬೆತ್ತದ್ದು, ಅದು ಬಳುಕುತ್ತಿತ್ತು.

ಬಳುಕುವ ಗುಣವೇ ಉತ್ತರವಾಯಿತು. ಸಿಯೆರ್ವಾ ಪ್ರತಿಯೊಂದು ಅಲಗಿನ ಬುಡಕ್ಕೂ ಬಾಗಿಲಿಗಿರುವಂತೆ ಕೀಲನ್ನಿಟ್ಟರು. ಹೆಚ್ಚು ಬಲ ಪಡೆದ ಅಲಗು ಈಗ ವಾಹನವನ್ನು ಮಗುಚುವ ಬದಲು ತಾನೇ ಮೇಲಕ್ಕೇಳುತ್ತಿತ್ತು; ಕಡಿಮೆ ಬಲದ್ದು ತಾನೇ ಕೆಳಕ್ಕಿಳಿಯುತ್ತಿತ್ತು. ಹೀಗೆ ಏರುತ್ತ ಇಳಿಯುತ್ತ ಎರಡೂ ಪಕ್ಕದ ಬಲಗಳು ಸಮವಾದವು. 1923ರ ಜನವರಿಯಲ್ಲಿ, ಮ್ಯಾಡ್ರಿಡ್ ಸಮೀಪದ ಖೆಟಾಫೆ ವಿಮಾನ ನಿಲ್ದಾಣದಲ್ಲಿ, ಅವರ ನಾಲ್ಕನೆಯ ಆಟೊಜೈರೊ ನೆಲ ಬಿಟ್ಟು ನೆಟ್ಟಗೆ ಹಾರಿತು. ಕೆಲವೇ ದಿನಗಳ ಮೇಲೆ ಮತ್ತೊಂದು ಹಾರಾಟದಲ್ಲಿ, ಮೇಲೆದ್ದ ಕೂಡಲೆ ಎಂಜಿನ್ ನಿಂತುಹೋಯಿತು. ಅಷ್ಟು ತಗ್ಗಿನಲ್ಲಿ ಎಂಜಿನ್ ನಿಂತರೆ ಅಂದಿನ ವಿಮಾನಕ್ಕೆ ಉಳಿಗಾಲವಿರುತ್ತಿರಲಿಲ್ಲ. ಆಟೊಜೈರೊ ಮೆಲ್ಲಗೆ ಇಳಿದು ಕ್ಷೇಮವಾಗಿ ನೆಲದ ಮೇಲೆ ನಿಂತಿತು. ಯಾವ ಪ್ರಶ್ನೆಗಾಗಿ ನಾಲ್ಕು ವರ್ಷ ಹೆಣಗಿದ್ದರೋ ಅದಕ್ಕೆ ಉತ್ತರ ಕಣ್ಣೆದುರು ದೊರೆತಿತ್ತು.

1928ರ ಸೆಪ್ಟೆಂಬರಿನಲ್ಲಿ ಸಿಯೆರ್ವಾ ತಾವೇ ಚಾಲಕರಾಗಿ ಇಂಗ್ಲಿಷ್ ಕಾಲುವೆಯನ್ನು ದಾಟಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹಾರಿದರು. ಅಮೆರಿಕದಲ್ಲಿಯೂ ಆಟೊಜೈರೊ ಜನಪ್ರಿಯವಾಯಿತು. 1931ರ ಏಪ್ರಿಲಿನಲ್ಲಿ ಪ್ರಸಿದ್ಧ ವೈಮಾನಿಕೆ ಅಮೇಲಿಯಾ ಇಯರ್‌ಹಾರ್ಟ್ ಆಟೊಜೈರೊದಲ್ಲಿ 18,415 ಅಡಿ ಎತ್ತರಕ್ಕೇರಿದರು. ಆದರೆ ವಿಧಿಯ ಬಗೆ ವಿಚಿತ್ರ. 1936ರ ಡಿಸೆಂಬರ್ 9ರಂದು, ದಟ್ಟವಾದ ಮಂಜಿನ ಬೆಳಗಿನಲ್ಲಿ, ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಹೊರಟ ಪ್ರಯಾಣಿಕ ವಿಮಾನವೊಂದು ಮೇಲೆದ್ದ ಕೂಡಲೆ ಅಪಘಾತಕ್ಕೀಡಾಯಿತು. ಅದರಲ್ಲಿ ಪ್ರಯಾಣಿಕರಾಗಿದ್ದ ಸಿಯೆರ್ವಾ ಮೃತರಾದರು. ಅವರಿಗೆ ಆಗ 41 ವರ್ಷ. ಬೀಳದ ವಿಮಾನವನ್ನು ಕನಸಿದ ಮನುಷ್ಯ ರೆಕ್ಕೆ ತಿರುಗದ ವಿಮಾನದಲ್ಲಿ ಪ್ರಾಣ ಕಳೆದುಕೊಂಡರು.

ಮುಂದಿನ ಕೆಲವೇ ವರ್ಷಗಳಲ್ಲಿ ಹೆಲಿಕಾಪ್ಟರ್ ಬಂದಿತು. ಆಟೊಜೈರೊ ಕಲಿಸಿಕೊಟ್ಟ ಕೀಲಿನ ವಿದ್ಯೆಯನ್ನೇ ಬಳಸಿಕೊಂಡು, ನೆಟ್ಟಗೆ ಏರಿ ನೆಟ್ಟಗೆ ಇಳಿಯುವ ಸಾಮರ್ಥ್ಯವನ್ನೂ ಅದು ಪಡೆದಿತ್ತು. ಸೈನ್ಯ, ಆಸ್ಪತ್ರೆ, ವ್ಯಾಪಾರ ಎಲ್ಲವೂ ಹೆಲಿಕಾಪ್ಟರನ್ನು ಕೈಹಿಡಿದವು. ದುಡಿಮೆಯ ಲೋಕದಲ್ಲಿ ಆಟೊಜೈರೊಗೆ ಹೆಚ್ಚಿನ ಕೆಲಸ ಉಳಿಯಲಿಲ್ಲ. ಹಾಗೆ ಕೆಲಸ ಕಳೆದುಕೊಂಡ ವಾಹನ ಆಟಕ್ಕೆ ಒದಗಿತು. ಹಳ್ಳಿಯಲ್ಲಿ ಉಳುಮೆ ಬಿಟ್ಟ ಎತ್ತಿನ ಗಾಡಿಯನ್ನು ಮಕ್ಕಳು ಏರಿದ ಹಾಗೆ, ಹಾರುವ ಸಂತೋಷವೊಂದನ್ನೇ ಬಯಸಿದವರು ಇದನ್ನು ಏರಿದರು.

ಈ ಎರಡನೆಯ ಜನ್ಮಕ್ಕೆ ಕಾರಣರಾದವರಲ್ಲಿ ಮುಖ್ಯರು ಇಗೋರ್ ಬೆನ್ಸನ್. 1917ರಲ್ಲಿ ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಎಂಜಿನಿಯರ್ ಅವರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ರೋಟರುಳ್ಳ ಗಾಳಿಪಟವೊಂದನ್ನು ಹಗ್ಗಕ್ಕೆ ಕಟ್ಟಿ ಹಾರಿಸುತ್ತಿದ್ದವು. ಅದರಲ್ಲಿ ಕುಳಿತ ಸೈನಿಕ ಎತ್ತರದಿಂದ ಸಮುದ್ರವನ್ನು ವೀಕ್ಷಿಸುತ್ತಿದ್ದ. ಬ್ರಿಟನ್ನಿನಲ್ಲಿಯೂ ಅಂತಹ ಪ್ರಯೋಗಗಳು ನಡೆದಿದ್ದವು. ಯುದ್ಧದ ಈ ಉಪಾಯವನ್ನು ಬೆನ್ಸನ್ ಶಾಂತಿಕಾಲದ ವಿನೋದವಾಗಿ ಮಾರ್ಪಡಿಸಿದರು. 1953ರಲ್ಲಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿ, ಮೊದಲು ಮೋಟಾರು ಕಾರಿನ ಹಿಂದೆ ಹಗ್ಗದಿಂದ ಎಳೆಯಬಹುದಾದ ಎಂಜಿನ್ ರಹಿತ ವಾಹನವನ್ನು ಮಾಡಿದರು; ಅನಂತರ ಅದಕ್ಕೆ ಚಿಕ್ಕ ಎಂಜಿನ್ ಜೋಡಿಸಿದರು. ಜೈರೊಕಾಪ್ಟರ್ ಎಂಬ ಹೆಸರು ಅವರಿಂದಲೇ ರೂಢಿಗೆ ಬಂದಿತು. 1957ರ ಅವರ ಮಾದರಿ ನೂರು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಗುತ್ತಿತ್ತು. ಅದರ ರೋಟರಿನ ಅಗಲ ಸುಮಾರು 20 ಅಡಿ. ಅದರ ನಕ್ಷೆಗಳನ್ನೂ ಬಿಡಿಭಾಗಗಳನ್ನೂ ಕೊಂಡು ತಂದು ಜನ ಮನೆಯ ಹಿಂದಿನ ಕೊಟ್ಟಿಗೆಗಳಲ್ಲಿಯೇ ವಾಹನವನ್ನು ಕಟ್ಟತೊಡಗಿದರು. ರೈತರು, ಉಪಾಧ್ಯಾಯರು, ಯಂತ್ರ ರಿಪೇರಿಯವರು ಸಂಜೆಯ ಬಿಡುವಿನಲ್ಲಿ ಒಂದೊಂದೇ ತಿರುಪನ್ನು ಬಿಗಿದು, ಎಷ್ಟೋ ತಿಂಗಳುಗಳ ಮೇಲೆ, ತಮ್ಮದೇ ಕೈಯ ವಿಮಾನವನ್ನು ಬಯಲಿಗೆ ತಳ್ಳಿಕೊಂಡು ಹೋಗುತ್ತಿದ್ದರು. ಬೆನ್ಸನ್ನರ ಎರಡು ಅಲಗಿನ ರೋಟರಿನಲ್ಲಿ ಸಿಯೆರ್ವಾ ಅವರ ಕೀಲು ಇನ್ನಷ್ಟು ಸರಳವಾಯಿತು. ಏತದ ಮರದ ಒಂದು ತುದಿ ಏರಿದರೆ ಇನ್ನೊಂದು ತುದಿ ಇಳಿಯುವಂತೆ, ಎರಡೂ ಅಲಗುಗಳು ನಡುವಿನ ಒಂದೇ ಕೀಲಿನ ಮೇಲೆ ತೂಗಾಡುತ್ತವೆ.

ಹಾಗಾದರೆ ಈ ಹಾರಾಟದ ಸುಖವೆಂತಹುದು? ಇಂಗ್ಲೆಂಡಿನ ಪೂರ್ವ ಭಾಗದ ನಾರ್ಫೋಕ್ ಪ್ರಾಂತದಲ್ಲಿ ಬೇಸಗೆಯ ಒಂದು ಮುಂಜಾವನ್ನು ಕಲ್ಪಿಸಿಕೊಳ್ಳಬಹುದು. ಅದು ಸಮತಟ್ಟಾದ ಸೀಮೆ. ಜವೆಗೋಧಿಯ ಹೊಲಗಳು, ಬೇಲಿಯ ಸಾಲುಗಳು, ಕೆರೆಗಳಂತೆ ಹರಡಿಕೊಂಡ ನೀರು, ದುಂಡನೆಯ ಗೋಪುರದ ಹಳೆಯ ಇಗರ್ಜಿಗಳು, ಅಲ್ಲಲ್ಲಿ ಹಿಂದಿನ ಕಾಲದ ಗಾಳಿಯಂತ್ರಗಳು. ಹುಲ್ಲುಬಯಲಿನ ಅಂಚಿನಲ್ಲಿ ಜೈರೊಕಾಪ್ಟರ್ ನಿಂತಿದೆ. ಚಾಲಕ ಅವಸರಪಡುವುದಿಲ್ಲ. ಅಲಗುಗಳ ಮೇಲೆ ಅಂಗೈಯಾಡಿಸಿ ಬಿರುಕಿದೆಯೇ ಎಂದು ನೋಡುತ್ತಾನೆ. ಕೀಲನ್ನು ಅಲುಗಿಸಿ ನೋಡುತ್ತಾನೆ. ತಿರುಪುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾನೆ. ಪೆಟ್ರೋಲಿನ ಮಟ್ಟವನ್ನು ಗಮನಿಸುತ್ತಾನೆ. ಗಾಳಿಚೀಲದ ಕಡೆಗೆ ಕಣ್ಣಿಟ್ಟು ಗಾಳಿಯ ದಿಕ್ಕನ್ನು ಅರಿಯುತ್ತಾನೆ. ಈ ಕೆಲಸಗಳು ಮುಗಿದ ಮೇಲೆಯೇ ಅವನು ಪೀಠವನ್ನೇರಿ ಪಟ್ಟಿ ಬಿಗಿದುಕೊಳ್ಳುವುದು.

ಎಂಜಿನ್ ಗುರುಗುಟ್ಟುತ್ತದೆ. ಓಟಕ್ಕೆ ಮೊದಲು ರೋಟರಿಗೆ ಸ್ವಲ್ಪ ವೇಗ ಕೊಡುವ ಏರ್ಪಾಟು ಈಗಿನ ವಾಹನಗಳಲ್ಲಿದೆ. ವೇಗ ಬಂದೊಡನೆ ಅದರ ನಂಟನ್ನು ಬಿಡಿಸಿ ರೋಟರನ್ನು ಗಾಳಿಯ ವಶಕ್ಕೆ ಒಪ್ಪಿಸುತ್ತಾರೆ. ಗಾಲಿಗಳು ಇಬ್ಬನಿಯ ಹುಲ್ಲಿನ ಮೇಲೆ ಉರುಳುತ್ತವೆ. ತಲೆಯ ಮೇಲೆ ಅಲಗುಗಳು ಮೊದಲು ಒಂದೊಂದಾಗಿ ಕಾಣುತ್ತವೆ, ಆಮೇಲೆ ಮಸುಕಾಗುತ್ತವೆ, ಆಮೇಲೆ ಜಾತ್ರೆಯ ಗಿರಗಿಟ್ಲೆಯಂತೆ ಒಂದೇ ಬಿಲ್ಲೆಯಾಗುತ್ತವೆ. ಮೂಗುಗಾಲಿ ಹಗುರವಾಗಿ ಏಳುತ್ತದೆ. ನೆಲದ ಕುಲುಕಾಟ ಯಾವ ಕ್ಷಣದಲ್ಲಿ ನಿಂತಿತೆಂದು ತಿಳಿಯುವ ಮುನ್ನವೇ ಬೇಲಿಯ ಸಾಲು ಕೆಳಗೆ ಸರಿದುಹೋಗಿರುತ್ತದೆ.

ದೊಡ್ಡ ವಿಮಾನದ ಪ್ರಯಾಣಿಕ ದಪ್ಪ ಗಾಜಿನ ಹಿಂದೆ ಕುಳಿತು ಮೋಡಗಳ ಬೆನ್ನನ್ನು ನೋಡುತ್ತಾನೆ. ಊರುಗಳು ಅವನಿಗೆ ಭೂಪಟದ ಚುಕ್ಕೆಗಳು. ಜೈರೊಕಾಪ್ಟರಿನ ಚಾಲಕನಿಗೆ ಗೋಡೆಯಿಲ್ಲ, ಕಿಟಕಿಯಿಲ್ಲ. ಗಾಳಿ ಅವನ ತೋಳುಗಳನ್ನು ತಟ್ಟುತ್ತದೆ. ಕೊಯ್ದ ಹುಲ್ಲಿನ ಕಂಪು ಮೂಗಿಗೆ ಬರುತ್ತದೆ. ಕೆರೆಯ ಮೇಲೆ ಹಾಯುವಾಗ ತಂಪು, ಉತ್ತ ಹೊಲದ ಮೇಲೆ ಹಾಯುವಾಗ ಬೆಚ್ಚಗಿನ ಉಬ್ಬರ ಮೈಗೆ ತಾಗುತ್ತವೆ. ತನ್ನದೇ ನೆರಳು ಪುಟ್ಟ ಕೀಟದಂತೆ ಹೊಲದಿಂದ ಹೊಲಕ್ಕೆ ಜಿಗಿಯುತ್ತ ಸಾಗುವುದನ್ನು ಅವನು ಕಾಣುತ್ತಾನೆ. ಬ್ರಿಟನ್ನಿನ ನಿಯಮದಂತೆ ಜನರಿಂದಲೂ ಕಟ್ಟಡಗಳಿಂದಲೂ 500 ಅಡಿಯಾದರೂ ದೂರವಿರಬೇಕು. ಅಷ್ಟು ದೂರದಿಂದಲೂ ದನಗಳ ಮಂದೆ, ಅಗಸೆಯಲ್ಲಿ ನಿಂತು ಕೈಬೀಸುವ ಮಕ್ಕಳು, ಗೋಪುರದ ಸುತ್ತ ಸುತ್ತುವ ಹಕ್ಕಿಗಳು ಸ್ಪಷ್ಟವಾಗಿ ಕಾಣುತ್ತವೆ. ಅವಸರವಿಲ್ಲದಿದ್ದರೆ ವೇಗವನ್ನು ಬಹಳಷ್ಟು ತಗ್ಗಿಸಿ, ಮೆಚ್ಚಿದ ನೋಟವನ್ನು ಕಣ್ತುಂಬ ನೋಡಬಹುದು. ಮಾಮೂಲು ವಿಮಾನ ಕುಸಿದುಬೀಳಬಹುದಾದ ನಿಧಾನಗತಿಯಲ್ಲಿಯೂ ಜೈರೊಕಾಪ್ಟರ್ ಹೆದರುವುದಿಲ್ಲ. ಹೆಚ್ಚೆಂದರೆ ಮೆಲ್ಲಗೆ ಇಳಿಯತೊಡಗುತ್ತದೆ.

ಇಳಿಯುವ ಸೊಗಸು ಇನ್ನೂ ಹೆಚ್ಚಿನದು. ಮಹಾಗನಿ ಮರದ ಕಾಯಿ ಒಡೆದಾಗ ಅದರ ಬೀಜಗಳು ಕಲ್ಲಿನಂತೆ ಬೀಳುವುದಿಲ್ಲ. ಒಂದೇ ರೆಕ್ಕೆಯ ಆ ಬೀಜ ಗಿರಗಿರನೆ ತಿರುಗುತ್ತ, ಗಾಳಿಗೆ ಮೈಯೊಡ್ಡಿ, ನಿಧಾನವಾಗಿ ನೆಲ ಸೇರುತ್ತದೆ. ಎಂಜಿನ್ನಿನ ಬಲ ತಗ್ಗಿಸಿದ ಜೈರೊಕಾಪ್ಟರ್ ಇಳಿಯುವ ಬಗೆಯೂ ಅದೇ. ಹುಲ್ಲಿಗೆ ಸಮೀಪಿಸಿದಾಗ ಚಾಲಕ ದಂಡವನ್ನು ಮೃದುವಾಗಿ ಹಿಂದಕ್ಕೆ ಸೆಳೆಯುತ್ತಾನೆ. ರೋಟರ್ ಗಾಳಿಯನ್ನು ಅಪ್ಪಿ ಹಿಡಿಯುತ್ತದೆ. ಕೊಂಬೆಯ ಮೇಲೆ ಕೂರುವ ಹಕ್ಕಿಯಂತೆ ವಾಹನ ಮುಂಗಾಲೆತ್ತಿ ನೆಲ ಮುಟ್ಟುತ್ತದೆ. ಕೆಲವೇ ಮಾರು ಉರುಳಿ ನಿಂತುಬಿಡುತ್ತದೆ.

ಆ ನಾರ್ಫೋಕಿನ ಆಕಾಶದಲ್ಲಿ ದಶಕಗಳ ಕಾಲ ಹೀಗೆ ಹಾರಿದವರು ಕೆನ್ ವಾಲಿಸ್. 1916ರಲ್ಲಿ ಹುಟ್ಟಿದ ಅವರ ಬಲಗಣ್ಣಿನಲ್ಲಿ ದೋಷವಿತ್ತು. ಆ ಕಾರಣದಿಂದ ಬ್ರಿಟಿಷ್ ವಾಯುಪಡೆ ಮೊದಲು ಅವರನ್ನು ನಿರಾಕರಿಸಿತು. ಹಟ ಬಿಡದೆ ಪ್ರಯತ್ನಿಸಿ ಅವರು ಅದೇ ಪಡೆಯನ್ನು ಸೇರಿ, ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳನ್ನು ನಡೆಸಿದರು. ವಿಂಗ್ ಕಮಾಂಡರ್ ಆಗಿ ನಿವೃತ್ತರಾಗುವ ಹೊತ್ತಿಗೆ ತಮ್ಮದೇ ವಿನ್ಯಾಸದ ಜೈರೊಕಾಪ್ಟರ್‌ಗಳನ್ನು ಕಟ್ಟುವುದರಲ್ಲಿ ಅವರು ತೊಡಗಿದ್ದರು. 1967ರಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಲನಚಿತ್ರವೊಂದರಲ್ಲಿ ‘ಲಿಟಲ್ ನೆಲ್ಲಿ’ ಎಂಬ ಹಳದಿ ಬಣ್ಣದ ಪುಟ್ಟ ವಾಹನ ಹಾರಾಡುತ್ತದೆ. ಪರದೆಯ ಮೇಲೆ ಕಾಣುವವರು ಕಥಾನಾಯಕರಾದರೂ ನಿಜವಾಗಿ ಅದನ್ನು ಹಾರಿಸಿದವರು ವಾಲಿಸ್. ಆದರೆ ಚಲನಚಿತ್ರದ ಕೀರ್ತಿಗಿಂತ ಹಾರಾಟದ ಆನಂದವೇ ಅವರಿಗೆ ದೊಡ್ಡದಾಗಿತ್ತು. ವೇಗ, ಎತ್ತರ, ದೂರಗಳಲ್ಲಿ ಅವರು ಅನೇಕ ವಿಶ್ವದಾಖಲೆಗಳನ್ನು ಸ್ಥಾಪಿಸಿದರು. 2002ರ ನವೆಂಬರಿನಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಗಂಟೆಗೆ 207.7 ಕಿಲೋಮೀಟರು ವೇಗದಲ್ಲಿ ಹಾರಿ ಮತ್ತೊಂದು ದಾಖಲೆ ಬರೆದರು. ಮೊಮ್ಮಕ್ಕಳಿಗೆ ಕಥೆ ಹೇಳುವ ವಯಸ್ಸಿನಲ್ಲಿ ಆ ವೃದ್ಧರು ತಾವೇ ಕಥೆಯಾಗಿದ್ದರು. 2013ರಲ್ಲಿ ಅವರು ತೀರಿಕೊಂಡಾಗ ಅವರಿಗೆ 97 ವರ್ಷ.

ಇಷ್ಟನ್ನು ಕೇಳಿದವರಿಗೆ ಇದು ಅಪಾಯವೇ ಇಲ್ಲದ ಆಟವೆಂದು ತೋರಬಹುದು. ಹಾಗೆ ತಿಳಿದದ್ದರಿಂದಲೇ ಅನೇಕರು ಪ್ರಾಣ ಕಳೆದುಕೊಂಡರು. ಕೊಟ್ಟಿಗೆಯಲ್ಲಿ ವಾಹನ ಕಟ್ಟಿದ ಉತ್ಸಾಹಿಗಳಲ್ಲಿ ಕೆಲವರು, ಕಟ್ಟಬಲ್ಲವನಿಗೆ ಹಾರಿಸುವುದೇನು ಮಹಾ ಎಂದು ಭಾವಿಸಿ, ಗುರುವಿಲ್ಲದೆಯೇ ಆಕಾಶಕ್ಕೇರಿದರು. ಮಾಮೂಲು ವಿಮಾನ ನಡೆಸಿ ಪಳಗಿದವರೂ ತಮಗೆಲ್ಲ ತಿಳಿದಿದೆಯೆಂದು ಹೀಗೆಯೇ ಮೋಸಹೋದರು. ಮೂಗು ಸ್ವಲ್ಪ ಮೇಲಕ್ಕೆದ್ದರೆ ದಂಡವನ್ನು ಥಟ್ಟನೆ ಮುಂದಕ್ಕೆ ನೂಕುವುದು ವಿಮಾನ ಚಾಲಕನ ಅಭ್ಯಾಸ. ಜೈರೊಕಾಪ್ಟರಿನಲ್ಲಿ ಅದೇ ಮೃತ್ಯು. ರೋಟರ್ ತಿರುಗುವುದು ಅಡಿಯಿಂದ ಬರುವ ಗಾಳಿಯಿಂದ, ವಾಹನದ ಭಾರ ಅದಕ್ಕೆ ಜೋತುಬಿದ್ದಿರುವ ತನಕ. ದಂಡವನ್ನು ರಭಸದಿಂದ ಮುಂದೆ ನೂಕಿದರೆ ಆ ಭಾರ ಒಮ್ಮೆಲೇ ತಪ್ಪುತ್ತದೆ. ಗಾಳಿಯ ಹಾದಿ ಕೆಡುತ್ತದೆ. ಅಲಗುಗಳ ವೇಗ ತಗ್ಗುತ್ತದೆ. ದಾರ ಸಡಿಲವಾದ ಗಾಳಿಪಟ ಹೇಗೆ ತೂರಾಡಿ ಬೀಳುವುದೋ ಹಾಗೆ ವಾಹನವೂ ಬೀಳುತ್ತದೆ. ಆಗ ಎಂಜಿನ್ನಿಗೆ ಎಷ್ಟು ಬಲ ಕೊಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ರೋಟರಿಗೂ ಎಂಜಿನ್ನಿಗೂ ನಂಟೇ ಇಲ್ಲ.

ಅನುಭವಿಗಳ ಕೈಯಲ್ಲಿಯೂ ಅವಘಡಗಳು ಸಂಭವಿಸಿವೆ. 1970ರಲ್ಲಿ ಫಾರ್ನ್‌ಬರೊ ವಿಮಾನ ಪ್ರದರ್ಶನದಲ್ಲಿ ವಾಲಿಸ್ ಅವರ ವಿನ್ಯಾಸದ ವಾಹನವೊಂದು ಉರುಳಿ ಅದರ ಚಾಲಕ ಮೃತರಾದರು. ಆದುದರಿಂದ ಈ ವಿದ್ಯೆಯನ್ನು ಕಲಿಸುವವರು ಶಿಷ್ಯನಿಗೆ ಮೊದಲು ಹೇಳಿಕೊಡುವುದು ಕೈಯ ಹದವನ್ನು. ದಂಡವನ್ನು ಬಿಗಿಯಾಗಿ ಹಿಡಿಯಬಾರದು. ಎಳೆಗರುವಿನ ಹಗ್ಗದಂತೆ ಹಗುರವಾಗಿ ಹಿಡಿಯಬೇಕು. ವಾಹನ ತುಸು ಅಲುಗಿದರೆ ಅದರೊಡನೆ ಸೆಣಸಬಾರದು. ತಾನೇ ಸಮವಾಗಲು ಅದಕ್ಕೆ ಕಾಲ ಕೊಡಬೇಕು. ಬಿಗಿದ ಅಲಗು ಸಿಯೆರ್ವಾ ಅವರ ಯಂತ್ರವನ್ನು ಮಗುಚಿತ್ತು. ಬಿಗಿದ ಕೈಯೂ ಅಷ್ಟೇ ಅಪಾಯಕಾರಿ. ಬಳುಕಲು ಕಲಿತ ಅಲಗು ಹಾರಿತು. ಮಣಿಯಲು ಕಲಿತ ಕೈ ಹಾರಿಸುತ್ತದೆ. ಶಿಕ್ಷಕನ ಜೊತೆಯಲ್ಲಿ ಹಲವು ಗಂಟೆಗಳು ಹಾರಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದವನಿಗೆ ಮಾತ್ರ ಆಕಾಶದ ಈ ಬೀದಿ ತೆರೆಯುತ್ತದೆ. ಅಂತಹವನಿಗೆ ನಿಯಮಗಳು ಸಂತೋಷಕ್ಕೆ ಅಡ್ಡಿಯೆಂದು ತೋರುವುದಿಲ್ಲ. ವೀಣೆಗೆ ಶ್ರುತಿ ಹೇಗೋ ಹಾರಾಟಕ್ಕೆ ನಿಯಮ ಹಾಗೆ.

ಈ ಪುಟ್ಟ ವಾಹನ ಮನುಷ್ಯನನ್ನು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ನಾರ್ಮನ್ ಸರ್ಪ್ಲಸ್ ಅವರ ಯಾತ್ರೆಯೇ ನಿದರ್ಶನ. ಉತ್ತರ ಐರ್ಲೆಂಡಿನ ಲಾರ್ನ್ ಎಂಬ ಊರಿನವರಾದ ಅವರು 2003ರಲ್ಲಿ ಕರುಳಿನ ಕ್ಯಾನ್ಸರಿಗೆ ತುತ್ತಾದರು. ಚಿಕಿತ್ಸೆ ಪಡೆದು ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ದೂರದರ್ಶನದಲ್ಲಿ ಹಳೆಯ ಜೈರೊಕಾಪ್ಟರ್ ಒಂದನ್ನು ಸರಿಪಡಿಸುವ ಕಾರ್ಯಕ್ರಮವನ್ನು ನೋಡಿದರು. ಹಾಸಿಗೆ ಹಿಡಿದ ಆ ಮನುಷ್ಯನ ಎದೆಯಲ್ಲಿ ಒಂದು ಹಂಬಲ ಚಿಗುರಿತು. ಗುಣಮುಖರಾಗಿ, ಹಾರಾಟವನ್ನು ಕಲಿತು, 2010ರ ಮಾರ್ಚ್ ತಿಂಗಳಲ್ಲಿ ‘ರಾಕ್ಸಿ’ ಎಂಬ ಹಳದಿ ಜೈರೊಕಾಪ್ಟರಿನಲ್ಲಿ ಭೂಪ್ರದಕ್ಷಿಣೆಗೆ ಹೊರಟರು. ಥೈಲೆಂಡಿನಲ್ಲಿ ವಾಹನ ಕೆರೆಯೊಂದಕ್ಕೆ ಬಿದ್ದಿತು. ಅವರು ಬದುಕಿ ಹೊರಬಂದು, ಅದನ್ನು ಮೇಲೆತ್ತಿಸಿ, ರಿಪೇರಿ ಮಾಡಿಸಿ ಮುಂದುವರಿದರು. ಜಪಾನನ್ನು ತಲುಪಿದಾಗ ರಷ್ಯಾದ ಮೇಲೆ ಹಾರಲು ಅನುಮತಿ ದೊರೆಯಲಿಲ್ಲ. ವರ್ಷಗಳು ಕಾದರೂ ಫಲವಾಗದೆ, ವಾಹನವನ್ನು ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಬೇಕಾಯಿತು. 2015ರಲ್ಲಿ ಅಮೆರಿಕವನ್ನು ಹಾದು, ಉತ್ತರ ಅಟ್ಲಾಂಟಿಕ್ ಸಾಗರದ ಶೀತಲ ಗಾಳಿಯನ್ನು ದಾಟಿ ಅವರು ತಮ್ಮೂರಿಗೆ ಹಾರಿ ಬಂದರು. ಕೊನೆಗೆ 2019ರಲ್ಲಿ ರಷ್ಯಾದ ಅನುಮತಿ ದೊರೆತು, ಉಳಿದಿದ್ದ ಹಾದಿಯನ್ನೂ ಹಾರಿ, ಆ ವರ್ಷದ ಜೂನ್ 28ರಂದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಇಳಿದು ಪ್ರದಕ್ಷಿಣೆಯನ್ನು ಪೂರ್ಣಗೊಳಿಸಿದರು. ವೇಗದ ವಿಮಾನಕ್ಕೆ ಕೆಲವು ದಿನಗಳ ಹಾದಿ ಅವರಿಗೆ ಒಂಬತ್ತು ವರ್ಷ ಹಿಡಿಯಿತು. ಅವರ ವಾಹನ ಬಲಾಢ್ಯವಾಗಿರಲಿಲ್ಲ. ಕಾಯುವುದನ್ನು ಮಾತ್ರ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಸ್ಪೇನಿನ ಎಂಜಿನಿಯರ್, ಅಮೆರಿಕದ ಕೊಟ್ಟಿಗೆಯ ಉತ್ಸಾಹಿ, ಕಣ್ಣು ಮಂದವಾದ ವೈಮಾನಿಕ, ರೋಗವನ್ನು ಗೆದ್ದ ಯಾತ್ರಿಕ, ಇವರೆಲ್ಲರನ್ನೂ ಒಂದೇ ಸೂತ್ರ ಕಟ್ಟಿದೆ. ಗಾಳಿಯನ್ನು ಸೋಲಿಸುವುದು ಅವರ ಗುರಿಯಾಗಿರಲಿಲ್ಲ. ಗಾಳಿಯ ರೀತಿಯನ್ನು ತಿಳಿದು, ಎಲ್ಲಿ ಮಣಿಯಬೇಕೋ ಅಲ್ಲಿ ಮಣಿದು, ಅದರ ಬಲವನ್ನೇ ತಮ್ಮ ರೆಕ್ಕೆಯಾಗಿಸಿಕೊಂಡರು. ಅಂತಹ ಹಾರಾಟದಲ್ಲಿ ಗೆದ್ದವನ ಗರ್ವಕ್ಕಿಂತ ಅತಿಥಿಯ ವಿನಯ ಹೆಚ್ಚು. ಅದರ ಸುಖ ತಂಪಾಗಿ, ಬಹುಕಾಲ ಉಳಿಯುವುದೂ ಅದಕ್ಕಾಗಿಯೇ.

ಹುಲ್ಲುಬಯಲಿನಲ್ಲಿ ಎಂಜಿನ್ ನಿಂತಿದೆ. ಚಾಲಕ ಶಿರಸ್ತ್ರಾಣ ತೆಗೆದು ಪೀಠದಲ್ಲಿಯೇ ಕುಳಿತಿದ್ದಾನೆ. ತಲೆಯ ಮೇಲಿನ ಹೊಳೆಯುವ ಬಿಲ್ಲೆ ನಿಧಾನವಾಗಿ ಒಡೆದು ಮತ್ತೆ ಎರಡು ಅಲಗುಗಳಾಗುತ್ತದೆ. ಅವು ಒಂದು ಸುತ್ತು ಬರುತ್ತವೆ, ಇನ್ನೊಂದು ಸುತ್ತು ಬರುತ್ತವೆ, ಆಮೇಲೆ ನಿಲ್ಲುತ್ತವೆ. ಓಡಿ ಓಡಿ ದಣಿದ ಮಗು ಏದುಸಿರು ಬಿಡುತ್ತ ಕೈಯಲ್ಲಿನ ಗಿರಗಿಟ್ಲೆಯನ್ನು ನೋಡುವಂತೆ ಅವನು ಅವುಗಳತ್ತ ತಲೆಯೆತ್ತಿ ನೋಡುತ್ತಾನೆ. ಬಯಲಿನಲ್ಲಿ ಗಾಳಿ ಇನ್ನೂ ಬೀಸುತ್ತಲೇ ಇರುತ್ತದೆ.